ಹೈಕು ಕೂಟ ನಡೆಸುವ ಕ್ರಮ

ಜಪಾನಿನಲ್ಲಿ 17ನೆಯ ಶತಮಾನದ ಕವಿ ಬಾಶೋ ಮತ್ತು ಅವನ ಶಿಷ್ಯರು ಒಟ್ಟಿಗೆ ಕುಳಿತು, ಸರದಿಯಂತೆ 36 ಪದ್ಯಗಳ ಸರಣಿಗಳನ್ನು ಕಟ್ಟುತ್ತಿದ್ದರು. ಅಂಥ ಸರಣಿಯ ಮೊದಲ ಪುಟ್ಟ ಪದ್ಯವನ್ನು ಕವಿ ಮಸಾವೋಕಾ ಶಿಕಿ (1867–1902) ಬಿಡಿಕವಿತೆಯಾಗಿ ನಿಲ್ಲಿಸಿ ಹೈಕು ಎಂದು ಕರೆದ ಮೇಲೂ ಕೂಡಿ ಕುಳಿತುಕೊಳ್ಳುವ ರೂಢಿ ತಪ್ಪಲಿಲ್ಲ. ಇಂದಿಗೂ ನಡೆಯುವ ಆ ಕೂಟಕ್ಕೆ ‘ಕುಕಾಯ್’ ಎಂದು ಹೆಸರು. ಎಂಟು ಹತ್ತು ಮಂದಿ ಸೇರಿದರೆ ಕನ್ನಡದಲ್ಲಿಯೂ ಇದನ್ನು ನಡೆಸಬಹುದು.

ಕೆಲವು ದಿನ ಮುಂಚಿತವಾಗಿಯೇ ಒಂದು ಋತುಪದವನ್ನು, ಎಂದರೆ ಪದ್ಯದಲ್ಲಿ ಋತುವನ್ನು ಸೂಚಿಸುವ ಪದವನ್ನು, ಎಲ್ಲರಿಗೂ ತಿಳಿಸಿರಿ. ಜಪಾನಿನ ಋತುಪದಕೋಶಗಳಲ್ಲಿ ಕಪ್ಪೆ ವಸಂತಕ್ಕೆ ಸೇರಿದ್ದು, ನಮ್ಮಲ್ಲಿ ಅದು ಕೂಗುವುದು ಮಳೆ ಹಿಡಿದ ಮೇಲೆ. ಆದ್ದರಿಂದ ಪದವನ್ನು ನಿಮ್ಮ ಊರಿನ ಹವೆಯಿಂದಲೇ ಆರಿಸಿಕೊಳ್ಳುವುದು ಒಳಿತು. ಪ್ರತಿಯೊಬ್ಬರೂ ಮೂರು ಪದ್ಯಗಳನ್ನು ತಂದು, ಒಂದು ಚೀಟಿಗೆ ಒಂದರಂತೆ, ಹೆಸರು ಹಾಕದೆ ಬರೆದುಕೊಡಲಿ.

ಚೀಟಿಗಳನ್ನು ಕಲೆಸಿ ಎಲ್ಲರಿಗೂ ಸಮನಾಗಿ ಹಂಚಿದ ಮೇಲೆ, ತಮಗೆ ಬಂದವನ್ನು ಒಬ್ಬೊಬ್ಬರೂ ಸಂಖ್ಯೆ ಹಾಕಿದ ದೊಡ್ಡ ಹಾಳೆಯ ಮೇಲೆ ಸ್ಪಷ್ಟವಾಗಿ ನಕಲು ಮಾಡಬೇಕು. ಅವಸರದವರು ಬಿಟ್ಟುಬಿಡುವ ಹಂತ ಇದೇ, ಆದರೆ ಕೂಟದ ಜೀವವಿರುವುದೂ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕೈಬರಹ ಮರೆಯಾಗುವುದರಿಂದ ಗುರುವಿನ ಪದ್ಯ ಯಾವುದು, ಹೊಸಬನದು ಯಾವುದು ಎಂಬ ಗುರುತು ಉಳಿಯುವುದಿಲ್ಲ. ಜೊತೆಗೆ ಇನ್ನೊಬ್ಬರ ಪದ್ಯವನ್ನು ಅಕ್ಷರ ಅಕ್ಷರವಾಗಿ ಬರೆಯುವಾಗ ಅದು ಎಲ್ಲಿ ತಡೆದು ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ನಕಲು ಮಾಡುವವರು ಏನನ್ನೂ ತಿದ್ದಕೂಡದು. ಚೀಟಿಯಲ್ಲಿ ‘ಶೆಕೆ’ ಎಂದಿದ್ದರೆ ಅದನ್ನು ‘ಸೆಕೆ’ ಮಾಡಬೇಡಿ, ಅದು ಬರೆದವರ ಮನೆಮಾತಾಗಿರಬಹುದು. (ಮೇಷ್ಟರುಗಳಿಗೆ ಈ ನಿಯಮ ತುಸು ಕಷ್ಟ.)

ಬಳಿಕ ಹಾಳೆಗಳು ಒಂದೇ ದಿಕ್ಕಿನಲ್ಲಿ ಕೈಯಿಂದ ಕೈಗೆ ಸಾಗಲಿ. ಮೆಚ್ಚಿದ್ದನ್ನು ಹಾಳೆಯ ಸಂಖ್ಯೆಯೊಡನೆ ಗುರುತು ಹಾಕಿಕೊಳ್ಳುತ್ತ ಹೋಗಿ, ಕೊನೆಯಲ್ಲಿ ಐದನ್ನು ಮಾತ್ರ ಉಳಿಸಿಕೊಳ್ಳಬೇಕು; ತಮ್ಮದನ್ನು ತಾವೇ ಆರಿಸುವಂತಿಲ್ಲ. ಒಬ್ಬರು ಎಲ್ಲರ ಆಯ್ಕೆಗಳನ್ನೂ ಗಟ್ಟಿಯಾಗಿ ಓದುತ್ತಾರೆ. ತನ್ನ ಪದ್ಯ ಓದಿದೊಡನೆ ಕವಿ ಹೆಸರು ಹೇಳುವುದು ಒಂದು ಪದ್ಧತಿ, ಚರ್ಚೆ ಮುಗಿಯುವವರೆಗೆ ಸುಮ್ಮನಿರುವುದು ಇನ್ನೊಂದು. ಪರಸ್ಪರ ಪರಿಚಿತರೇ ಇರುವ ಕೂಟಕ್ಕೆ ಎರಡನೆಯದು ಮೇಲು, ಏಕೆಂದರೆ ಹೆಸರು ತಿಳಿದ ಮೇಲೆ ಮಾತು ದಾಕ್ಷಿಣ್ಯಕ್ಕೆ ಬೀಳುತ್ತದೆ. ಆರಿಸಿದವರು ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಲಿ; ‘ಚೆನ್ನಾಗಿದೆ’ ಎಂಬಷ್ಟಕ್ಕೆ ನಿಲ್ಲಿಸುವುದು ಬೇಡ. ಯಾರೂ ಆರಿಸದೆ ಉಳಿದ ಪದ್ಯ ಯಾರದೆಂದು ಹೇಳಬೇಕಾಗಿಲ್ಲ, ಯಾರೂ ಕೇಳಲೂಬಾರದು.