ವಿಡಿಆರ್‌ಎಲ್ ರಿಯಾಕ್ಟಿವ್ ಬಂದರೆ ನಮ್ಮ ಲ್ಯಾಬಿನಲ್ಲಿ ಏನು ಮಾಡುತ್ತೇವೆ

ರಾಜಾಜಿನಗರದ ಕಡೆ ಒಂದು ಸಣ್ಣ ಲ್ಯಾಬ್ ನಡೆಸುತ್ತೇನೆ. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕಾಯಿಲೆಯ ಟೆಸ್ಟ್ ಆಗುವ ಹೆಚ್ಚಿನವರಿಗೆ ಅದು ಆಗುತ್ತಿದೆ ಅಂತಲೇ ಗೊತ್ತಿರುವುದಿಲ್ಲ. ಬಸುರಿಯರ ರಕ್ತಪರೀಕ್ಷೆಯಲ್ಲಿ, ಆಪರೇಷನ್‌ಗೆ ಮುಂಚಿನ ಪ್ಯಾಕೇಜಿನಲ್ಲಿ ವಿಡಿಆರ್‌ಎಲ್ ಅಂತ ಒಂದು ಸಾಲು ಸೇರಿರುತ್ತದೆ, ಅಷ್ಟೆ. ರಿಯಾಕ್ಟಿವ್, ಅಂದರೆ ಪಾಸಿಟಿವ್ ಬಂತೋ, ಮನೆಯಲ್ಲಿ ದೊಡ್ಡ ರಾಮಾಯಣ.

ಚೀಟಿಯಲ್ಲಿ ವಿಡಿಆರ್‌ಎಲ್ ಎಂದಿದ್ದರೂ ನಾವು ಮಾಡುವುದು ಅದೇ ಬಗೆಯ ಇನ್ನೊಂದು ಟೆಸ್ಟ್ ಆರ್‌ಪಿಆರ್, ರಿಪೋರ್ಟಿನಲ್ಲೂ ಆರ್‌ಪಿಆರ್ ಎಂದೇ ಬರೆಯುತ್ತೇವೆ. ಕಾರ್ಡಿನ ವೃತ್ತದೊಳಗೆ ಒಂದು ಹನಿ ಸೀರಂ (ರಕ್ತದ ತಿಳಿ), ಅದಕ್ಕೆ ಇದ್ದಿಲ ಕಣ ಬೆರೆಸಿದ ಆಂಟಿಜೆನ್. ರೊಟೇಟರ್ ಮೇಲೆ ನಿಮಿಷಕ್ಕೆ 100 ಸುತ್ತಿನಂತೆ 8 ನಿಮಿಷ. ನಿಂತ ತಕ್ಷಣ ಬೆಳಕಿನಡಿ ಓದಬೇಕು. ನೆಗೆಟಿವ್ ಆದರೆ ನುಣ್ಣಗೆ ಬೂದು ಬಣ್ಣ, ರಿಯಾಕ್ಟಿವ್ ಆದರೆ ಕಾಫಿ ಚರಟ ಕಟ್ಟಿದ ಹಾಗೆ ಕರಿ ಕಣಗಳು ಗುಂಪಾಗುತ್ತವೆ. ಕೋಣೆ 23ರಿಂದ 29 ಡಿಗ್ರಿ ಇರಬೇಕು. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಅಷ್ಟಿರುತ್ತದೆಯೇ? ಫ್ರಿಜ್‌ನಿಂದ ತೆಗೆದ ಕಿಟ್ಟನ್ನು ಹಾಗೇ ಬಳಸಿದರೆ ಕಣಗಳು ಸರಿಯಾಗಿ ಗುಂಪಾಗದೆ ಕಾಯಿಲೆ ಇದ್ದರೂ ನೆಗೆಟಿವ್ ಕಾಣಬಹುದು. ಅದಕ್ಕೇ ಚಳಿಗಾಲದಲ್ಲಿ ನಮ್ಮ ಹುಡುಗ ಮೊದಲು ಥರ್ಮಾಮೀಟರ್ ನೋಡುತ್ತಾನೆ, ಆಮೇಲೆ ಕಿಟ್ ಮುಟ್ಟುತ್ತಾನೆ.

ಈಗ ಅಸಲು ತಾಪತ್ರಯ. ಈ ಟೆಸ್ಟ್ ರೋಗಾಣುವನ್ನು ಹುಡುಕುವುದೇ ಇಲ್ಲ. ನಮ್ಮ ಜೀವಕೋಶಗಳಲ್ಲೂ ಇರುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು ನೋಡುತ್ತದೆ. ಲೂಪಸ್, ಕುಷ್ಠ, ಮಲೇರಿಯಾ, ಕೆಲವು ವೈರಲ್ ಜ್ವರ, ಒಮ್ಮೊಮ್ಮೆ ಬರೀ ಬಸಿರು, ಇವುಗಳಲ್ಲೂ ಅದು ಏರಬಹುದು. ಸುಮ್ನೆ ಒಂದು ಲೆಕ್ಕ ಹಾಕಿ. 1000 ಬಸುರಿಯರಲ್ಲಿ 5 ಜನರಿಗೆ ಕಾಯಿಲೆ ಇದೆ, ಇಲ್ಲದವರಲ್ಲಿ 100ಕ್ಕೆ 98 ಜನರಿಗೆ ಟೆಸ್ಟ್ 'ಕಾಯಿಲೆ ಇಲ್ಲ' ಎಂದು ಸರಿಯಾಗಿಯೇ ಹೇಳುತ್ತದೆ ಅಂದುಕೊಳ್ಳಿ. ಆದರೂ ಉಳಿದ 995ರಲ್ಲಿ ಸುಮಾರು 20 ಸುಳ್ಳು ಪಾಸಿಟಿವ್! ನಿಜವಾದದ್ದು 5.

ಅದಕ್ಕೇ ಬರೀ 'ರಿಯಾಕ್ಟಿವ್' ಅಂತ ಬರೆದು ಕೈತೊಳೆದುಕೊಳ್ಳುವ ಲ್ಯಾಬ್ ಕಂಡರೆ ನನಗೆ ಸಿಟ್ಟು ಬರುತ್ತದೆ. ನಾವು ಟೈಟರ್, ಅಂದರೆ ಸೀರಂ ಎಷ್ಟು ಪಟ್ಟು ತೆಳುಮಾಡುವವರೆಗೆ ರಿಯಾಕ್ಟಿವ್ ಬರುತ್ತದೆ ಎಂಬ ಲೆಕ್ಕ ಹಾಕುತ್ತೇವೆ, ಅದೇ ಸ್ಯಾಂಪಲ್‌ನಲ್ಲಿ ಟಿಪಿಎಚ್‌ಎ ಮಾಡುತ್ತೇವೆ. ಅದು ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನೇ ನೋಡುತ್ತದೆ. ಇನ್ನೊಂದು ವಿಷಯ, ಬಿಲ್ಲಿಂಗ್‌ನಲ್ಲಿ ಕೊಟ್ಟ ನಂಬರಿಗೆ ರಿಪೋರ್ಟ್ ತಾನಾಗೇ ವಾಟ್ಸಾಪ್ ಆಗುತ್ತದೆ, ಆ ನಂಬರ್ ಬಹಳ ಸಲ ಗಂಡನದೋ ಮಾವನದೋ ಇರುತ್ತದೆ. ಇದೊಂದು ರಿಪೋರ್ಟನ್ನು ನಾನು ತಡೆದು, ಮೊದಲು ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಹಾಗೆ ತಡೆದ ಒಂದು ರಿಪೋರ್ಟ್, ಕಾಮಾಕ್ಷಿಪಾಳ್ಯದ ಒಬ್ಬ ಬಸುರಿ ಹೆಣ್ಣುಮಗಳದು. ಟೈಟರ್ 1:2, ಟಿಪಿಎಚ್‌ಎ ನೆಗೆಟಿವ್. ಒಳಗೆ ಕೂರಿಸಿ, "ಏನೂ ಗಾಬರಿ ಬೇಡಮ್ಮ, ಕೆಲವು ವಾರ ಬಿಟ್ಟು ಇನ್ನೊಂದ್ಸಲ ನೋಡೋಣ ಅಂದಿದ್ದಾರೆ ಡಾಕ್ಟರು" ಎಂದೆ. "ಹೊರಗೆ ಅತ್ತೆ ಕೂತಿದ್ದಾರೆ, ಅವರಿಗೆ ಏನೂ ಹೇಳ್ಬೇಡಿ ಸಾರ್" ಎಂದಳು, ಮೊದಲ ಮಾತೇ ಅದು. ಹಾಗಂತ 1:2 ಎಲ್ಲ ಸುಳ್ಳು ಅನ್ನುವ ಹಾಗೂ ಇಲ್ಲ. ಟಿಪಿಎಚ್‌ಎಯೂ ಪಾಸಿಟಿವ್ ಇದ್ದು ಹಿಂದೆ ಚಿಕಿತ್ಸೆ ಆಗಿಲ್ಲದಿದ್ದರೆ, ಮಗುವಿನ ದೃಷ್ಟಿಯಿಂದ ಪೆನಿಸಿಲಿನ್ ಇಂಜೆಕ್ಷನ್ ತಡಮಾಡುವಂತಿಲ್ಲ.

ಉಲ್ಟಾ ಕೇಸೂ ಇದೆ. ಅಂಗೈ ಅಂಗಾಲಿನಲ್ಲಿ ಕೆಂಪು ಗುಳ್ಳೆ (ಸಿಫಿಲಿಸ್‌ನ ಒಂದು ಲಕ್ಷಣ) ಅಂತ ಡಾಕ್ಟರು ಚೀಟಿಯಲ್ಲಿ ಬರೆದಿದ್ದರೆ, ನೆಗೆಟಿವ್ ಬಂದರೂ ನಾನು ಸೀರಂ ತೆಳುಮಾಡಿ ಮತ್ತೆ ನೋಡುತ್ತೇನೆ. ಪ್ರತಿಕಾಯ ವಿಪರೀತ ಜಾಸ್ತಿಯಾದರೂ ಕಣಗಳು ಗುಂಪಾಗುವುದಿಲ್ಲ. ಒಬ್ಬರದು ಹಾಗೆಯೇ 1:64 ಬಂತು. ಡಾಕ್ಟರುಗಳೇ, ದಯವಿಟ್ಟು ಚೀಟಿಯಲ್ಲಿ ಎರಡು ಪದ ಬರೆಯಿರಿ, ಬರೀ ಟಿಕ್ ಹಾಕಬೇಡಿ.

ಲೈಂಗಿಕ ಸಂಪರ್ಕವಾದ ನಾಲ್ಕೇ ದಿನಕ್ಕೆ ಓಡಿಬರುವ ಹುಡುಗರಿಗೆ ಟೆಸ್ಟ್ ಮಾಡಿ ದುಡ್ಡು ತೆಗೆದುಕೊಳ್ಳುವುದು ಸುಲಭ. ಆದರೆ ಸಿಫಿಲಿಸ್‌ನ ಮೊದಲ ಹುಣ್ಣು ಕಾಣಿಸಿಕೊಳ್ಳುವುದಕ್ಕೇ 10ರಿಂದ 90 ದಿನ ಬೇಕು, ರಕ್ತದಲ್ಲಿ ತಿಳಿಯುವುದು ಅದಾದ ಮೇಲೂ ಒಂದರಿಂದ ನಾಲ್ಕು ವಾರಕ್ಕೆ. ಇವತ್ತಿನ ನೆಗೆಟಿವ್ ನಂಬಬೇಡಪ್ಪ, ಡಾಕ್ಟರನ್ನು ನೋಡಿ ಮೂರು ತಿಂಗಳಿಗೆ ಮತ್ತೆ ಬಾ ಅನ್ನುತ್ತೇನೆ.

ಚಿಕಿತ್ಸೆ ಆದವರು ಮರುಪರೀಕ್ಷೆಗೆ ಅದೇ ಲ್ಯಾಬಿಗೆ, ಅದೇ ವಿಧಾನಕ್ಕೆ ಹೋಗಿ. ಆರ್‌ಪಿಆರ್ ಟೈಟರನ್ನು ವಿಡಿಆರ್‌ಎಲ್ ಜೊತೆ ಹೋಲಿಸಲಾಗದು. 1:32 ಇದ್ದದ್ದು ನಾಲ್ಕು ಪಟ್ಟು ತಗ್ಗಿ 1:8ಕ್ಕೆ ಇಳಿದರೆ ಮದ್ದು ಕೆಲಸ ಮಾಡಿದೆ ಎಂದರ್ಥ, 1:16ಕ್ಕೆ ಇಳಿದರೆ ಇನ್ನೂ ಹೇಳಲಾಗದು. ಟಿಪಿಎಚ್‌ಎ ಮಾತ್ರ ಮತ್ತೆ ಮತ್ತೆ ಮಾಡಿಸಬೇಡಿ. ಕಾಯಿಲೆ ವಾಸಿಯಾದರೂ ಹೆಚ್ಚಿನವರಲ್ಲಿ ಅದು ಜೀವನಪೂರ್ತಿ ಪಾಸಿಟಿವ್ ಬರುತ್ತಲೇ ಇರುತ್ತದೆ, ದುಡ್ಡು ದಂಡ.