ದಾವಣಗೆರೆ ಬಿಸಿಲಿನಲ್ಲಿ ಪಿಟೀಲಿನ ತಂತಿ ಬದಲಿಸುವ ಬಗೆ

ಏಪ್ರಿಲ್ ಬಂತೆಂದರೆ ದಾವಣಗೆರೆಯ ಒಣ ಗಾಳಿಗೆ ಮರ ಕುಗ್ಗಿ, ತಂತಿ ಬಿಗಿಸುವ ಬಿರಡೆ ಜಾರುತ್ತದೆ. ರಾತ್ರಿ ಸರಿಯಾಗಿ ಶ್ರುತಿ ಮಾಡಿಟ್ಟ ವಾದ್ಯ ಬೆಳಿಗ್ಗೆ ತಂತಿ ಸಡಿಲಿಸಿಕೊಂಡು ಬಿದ್ದಿರುತ್ತದೆ. ತಂತಿ ಬದಲಿಸುವಾಗಲೇ ಬಿರಡೆಯನ್ನೂ ನೋಡಿಕೊಳ್ಳಿ.

ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಲೇಬೇಡಿ. ಒಳಗಿರುವ ಸೌಂಡ್ ಪೋಸ್ಟ್ ಎಂಬ ಸಣ್ಣ ಕಡ್ಡಿಗೆ ಅಂಟು ಹಾಕಿರುವುದಿಲ್ಲ, ತಂತಿಗಳ ಒತ್ತಡದಲ್ಲೇ ಅದು ನಿಂತಿರುತ್ತದೆ. ಒತ್ತಡ ಹೋದರೆ ಕಡ್ಡಿ ಬೀಳಬಹುದು. ಅದನ್ನು ಮತ್ತೆ ನಿಲ್ಲಿಸುವುದು ನುರಿತವರ ಕೆಲಸ.

ಒಂದು ತಂತಿ ಬಿಚ್ಚಿ, ಬಿರಡೆ ಹೊರತೆಗೆಯಿರಿ. ಜಾರುತ್ತಿದ್ದರೆ ಹೊಳೆಯುವ ಜಾಗಕ್ಕೆ ಸ್ವಲ್ಪವೇ ಸೀಮೆಸುಣ್ಣ ಸವರಿ. ತಂತಿ ಕೂರುವ ಸಣ್ಣ ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ. ಬಿರಡೆಯನ್ನು ಮತ್ತೆ ಕೂರಿಸಿ, ಹೊಸ ತಂತಿಯ ತುದಿಯನ್ನು ಅದರ ರಂಧ್ರಕ್ಕೆ ತೂರಿಸಿ, ಸುತ್ತುಗಳು ಒಂದರ ಮೇಲೊಂದು ಏರದಂತೆ ಬಿರಡೆಪೆಟ್ಟಿಗೆಯ ಗೋಡೆಯತ್ತ ಸಾಗಿಸಿ. ತಿರುಗಿಸುವಾಗಲೇ ಬಿರಡೆಯನ್ನು ಒಳಕ್ಕೆ ಒತ್ತುತ್ತಿರಬೇಕು.

ಶ್ರುತಿ ಏರಿದಂತೆ ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ, ಮೇಲ್ತುದಿ ಬೆರಳುಹಲಗೆಯತ್ತ ವಾಲುತ್ತದೆ. ಹೊಸಬರು ಇದನ್ನು ಗಮನಿಸುವುದೇ ಇಲ್ಲ. ಕುದುರೆ ಮುರಿಯುವುದೂ ಹೀಗೆಯೇ. ಪ್ರತಿ ತಂತಿ ಹಾಕಿದ ಮೇಲೆ ಪಕ್ಕದಿಂದ ನೋಡಿ. ಕುದುರೆಯ ಬಾಲದ ಕಡೆಯ (ತಂತಿಗಳ ಕೆಳತುದಿ ಸಿಕ್ಕಿಸಿರುವ ಕಡೆಯ) ಮುಖ ವಾದ್ಯದ ಹೊಟ್ಟೆಗೆ, ಅಂದರೆ ಮೇಲ್ಹಲಗೆಗೆ, ನೇರ 90 ಡಿಗ್ರಿ ಇರಲಿ. ವಾಲಿದ್ದರೆ ಎರಡೂ ಕೈಗಳ ಬೆರಳಿನಿಂದ ನಿಧಾನಕ್ಕೆ ಹಿಂದಕ್ಕೆ ತನ್ನಿ.

ಕರ್ನಾಟಕ ಸಂಗೀತಕ್ಕೆ ದಪ್ಪ ತಂತಿಯಿಂದ ಮಂದ್ರ ಸ, ಮಂದ್ರ ಪ, ಮಧ್ಯ ಸ, ಮಧ್ಯ ಪ. ಪಿಟೀಲುವಾದಕ ಯೆಹೂದಿ ಮೆನುಹಿನ್ ನುಡಿಸುತ್ತಿದ್ದ ಪಾಶ್ಚಾತ್ಯ ಪದ್ಧತಿಯಲ್ಲಿ ಜಿ, ಡಿ, ಎ, ಇ. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಸಂಗೀತ ಕಚೇರಿಯ ದಿನವೇ ಬದಲಿಸಬೇಡಿ.