ಹೊಟ್ಟೆಯ ಪುಡಿ: ನೀರಲ್ಲೋ, ತುಪ್ಪದಲ್ಲೋ, ಮಜ್ಜಿಗೆಯಲ್ಲೋ?

ಊಟ ಮುಗಿದು ಅರ್ಧ ಗಂಟೆಗೆ ಹೊಟ್ಟೆ ಉಬ್ಬರ. ಬೆಳಿಗ್ಗೆ ಎದ್ದರೆ ಹೊಟ್ಟೆ ಸರಿಯಾಗಿ ಖಾಲಿಯಾಗದ ಕಿರಿಕಿರಿ. ದಿನವಿಡೀ ಕೂತು ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಾನು ಆಯುರ್ವೇದ ವೈದ್ಯರ ಹತ್ತಿರ ಹೋದೆ. ಮಲದಲ್ಲಿ ರಕ್ತ ಬೀಳುತ್ತಾ, ಸುಮ್ಮಸುಮ್ಮನೆ ತೂಕ ಇಳಿದಿದೆಯಾ, ನುಂಗಲು ಕಷ್ಟ ಆಗುತ್ತಾ ಎಂದು ಅವರು ಮೊದಲು ಕೇಳಿದರು. ಇವುಗಳಲ್ಲಿ ಒಂದಿದ್ದರೂ ಮೊದಲು ಪರೀಕ್ಷೆ, ಆಮೇಲೆ ಔಷಧಿ ಎಂದರು. ನನಗೆ ಅಂಥದ್ದೇನೂ ಇರಲಿಲ್ಲ. ಊಟದ ಹೊತ್ತಿಗೆ ಹಿಂಗ್ವಾಷ್ಟಕ ಚೂರ್ಣ, ರಾತ್ರಿಗೆ ತ್ರಿಫಲಾ ಚೂರ್ಣ ಬರೆದುಕೊಟ್ಟರು.

ಪುಡಿಯ ಬಗ್ಗೆ ಅವರು ಹೇಳಿದ್ದು ಕಡಿಮೆ. ಅದನ್ನು ಯಾವಾಗ, ಯಾವುದರ ಜೊತೆ ತಗೊಳ್ಳಬೇಕು ಎನ್ನುವುದನ್ನೇ ಜಾಸ್ತಿ ಹೊತ್ತು ಹೇಳಿದರು. ಔಷಧಿಯ ಜೊತೆ ತಗೊಳ್ಳುವ ಈ ನೀರು, ತುಪ್ಪ, ಮಜ್ಜಿಗೆ, ಜೇನುತುಪ್ಪಕ್ಕೆ ಅನುಪಾನ ಅನ್ನುತ್ತಾರೆ. ಎಷ್ಟೋ ಜನ ಇದನ್ನು ಕಿವಿಗೆ ಹಾಕಿಕೊಳ್ಳದೆ, ಎಲ್ಲ ಪುಡಿಯನ್ನೂ ಒಂದೇ ಥರ ಬಾಯಿಗೆ ಹಾಕಿ ನೀರು ಕುಡಿದುಬಿಡುತ್ತಾರೆ. ಬಳಸುತ್ತಾ ಹೋದ ಹಾಗೆ ನನಗೆ ಅನ್ನಿಸಿದ್ದು, ಪುಡಿ ಯಾವುದು ಎನ್ನುವಷ್ಟೇ ಅದನ್ನು ತಗೊಳ್ಳುವ ರೀತಿಯೂ ಮುಖ್ಯ. ರೀತಿ ಹೊಂದಿದರೆ ಮಾತ್ರ ದಿನಾ ತಗೊಳ್ಳುವುದಕ್ಕೆ ಮನಸ್ಸು ಬರುತ್ತದೆ.

ಹಿಂಗ್ವಾಷ್ಟಕದಲ್ಲಿ ಎಂಟು ಸಾಮಾನು. ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಅಜಮೋದ ಅಥವಾ ಓಮ, ಜೀರಿಗೆ, ಕರಿಜೀರಿಗೆ, ಸೈಂಧವ ಲವಣ, ಇಂಗು. "ಇದನ್ನ ನೀರಲ್ಲಿ ಕದಡಿ ಕುಡೀಬೇಡಿ. ಬಿಸಿ ಅನ್ನಕ್ಕೆ ತುಪ್ಪ ಹಾಕಿ, ಪುಡಿ ಕಲಸಿ, ಮೊದಲನೇ ತುತ್ತು ಅದನ್ನೇ ತಿನ್ನಿ" ಎಂದರು ವೈದ್ಯರು. ಹಿಂದಿನಿಂದ ಬಂದ ಕ್ರಮವೂ ಇದೇ. ಇಂಗು ಒಂದು ಗಿಡದ ಬೇರಿನಿಂದ ಒಸರುವ ಅಂಟು. ಅದರ ವಾಸನೆಯ ಭಾಗ ನೀರಿಗಿಂತ ಎಣ್ಣೆ, ತುಪ್ಪದಲ್ಲೇ ಚೆನ್ನಾಗಿ ಬೆರೆಯುತ್ತದೆ. ನಾವು ಒಗ್ಗರಣೆಗೆ ಇಂಗು ಹಾಕುವುದೂ ಕಾದ ಎಣ್ಣೆಗೇ ತಾನೆ? ಈ ಚೂರ್ಣ ಮಾಡುವಾಗಲೂ ಇಂಗನ್ನು ತುಪ್ಪದಲ್ಲಿ ಹುರಿದೇ ಸೇರಿಸುತ್ತಾರೆ.

ನಮ್ಮ ಮನೆಯಲ್ಲಿ ಮೊದಲಿಂದಲೂ ಊಟ ಶುರುವಾಗುವುದು ತುಪ್ಪ ಅನ್ನಕ್ಕೆ ಚಟ್ನಿಪುಡಿಯೋ ಮೆಂತ್ಯದ ಹಿಟ್ಟೋ ಕಲಸಿಕೊಂಡು. ಹಾಗಾಗಿ ಇದು ಔಷಧಿ ಅನ್ನಿಸಲೇ ಇಲ್ಲ. ಕಾಲು ಚಮಚ ಪುಡಿ, ಒಂದು ಚಮಚ ತುಪ್ಪ, ಎರಡು ತುತ್ತು ಅನ್ನ. ಬಾಯಿಗೆ ಇಟ್ಟ ಕೂಡಲೇ ಖಾರಕ್ಕೆ ಜೊಲ್ಲು ಸುರಿಯುತ್ತದೆ. ರುಚಿ ನಾಲಿಗೆಗೆ ತಾಗಿದಾಗಲೇ ಹೊಟ್ಟೆಯಲ್ಲಿ ಜೀರ್ಣರಸ ಬರಲು ಶುರುವಾಗುತ್ತದೆ. ಇಂಥ ಪುಡಿಯನ್ನು ರುಚಿ ಗೊತ್ತಾಗದ ಹಾಗೆ ನುಂಗಿದರೆ ಅರ್ಧ ಕೆಲಸ ಬಿಟ್ಟ ಹಾಗೆ ಎಂದು ನನ್ನ ನಂಬಿಕೆ. ಆಫೀಸಿನಲ್ಲಿ ಚಪಾತಿ ಊಟದ ದಿನ ಇದೇ ಪುಡಿಯನ್ನು ತೆಳು ಮಜ್ಜಿಗೆಗೆ ಹಾಕಿಕೊಳ್ಳುತ್ತೇನೆ. ತುಪ್ಪದಷ್ಟು ಹಿತ ಇಲ್ಲ, ಆದರೆ ಉಬ್ಬರಕ್ಕೆ ಸಾಕು.

ಎದೆ ಉರಿ, ಹುಳಿತೇಗು ಇರುವ ದಿನ ಮಾತ್ರ ಇದನ್ನು ಮುಟ್ಟುವುದಿಲ್ಲ. ಶುಂಠಿ, ಮೆಣಸು, ಹಿಪ್ಪಲಿ ಮೂರೂ ಖಾರ, ಉರಿ ಇನ್ನೂ ಜಾಸ್ತಿಯಾಗುತ್ತದೆ. ಆಗ ಕೊತ್ತಂಬರಿ ಬೀಜ, ಜೀರಿಗೆ ಹುರಿದು ಮಾಡಿದ ಪುಡಿಯ ಕಷಾಯವೇ ನನಗೆ ಒಗ್ಗುವುದು. ಕುದಿಯುವ ನೀರಿಗೆ ಪುಡಿ ಹಾಕಿ, ಒಲೆ ಆರಿಸಿ, ಮುಚ್ಚಿಡುತ್ತೇನೆ. ತುಂಬಾ ಹೊತ್ತು ಕುದಿಸಿದರೆ ಘಮವೆಲ್ಲ ಹಬೆಯಲ್ಲಿ ಹೋಗಿಬಿಡುತ್ತದೆ. ಜೀರಿಗೆ, ಓಮದಂಥ ಕಾಳುಗಳ ಗುಣ ಬಹಳಷ್ಟು ಇರುವುದು ಆ ಘಮದ ಎಣ್ಣೆಯಲ್ಲೇ.

ತ್ರಿಫಲಾ ವಿಷಯ ಬೇರೆ. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಮೂರನ್ನೂ ಬೀಜ ತೆಗೆದು, ಒಣಗಿಸಿ, ಸಮತೂಕ ಹಾಕಿ ಮಾಡಿದ ಪುಡಿ. ಅದರ ಕೆಲಸ ಇರುವುದು ಕರುಳಲ್ಲಿ. ಊಟದ ಜೊತೆ ಬೇಡ, ರಾತ್ರಿ ಮಲಗುವ ಮುಂಚೆ ಬೆಚ್ಚಗಿನ ನೀರಲ್ಲಿ ತಗೊಳ್ಳಿ ಎಂದಿದ್ದರು. ಒಗರು ಅಂದರೆ ಒಗರು, ನಾಲಿಗೆ ಹಿಡಿದುಕೊಳ್ಳುತ್ತದೆ. ಪುಡಿ ನೀರಲ್ಲಿ ಕರಗುವುದೂ ಇಲ್ಲ, ಲೋಟದ ತಳಕ್ಕೆ ಇಳಿಯುತ್ತದೆ. ಕದಡಿ ಕುಡಿದು, ಇನ್ನಷ್ಟು ನೀರು ಹಾಕಿ, ಲೋಟ ಅಲ್ಲಾಡಿಸಿ ಅದನ್ನೂ ಕುಡಿಯಬೇಕು. ಒಣಪುಡಿಯನ್ನು ಬಾಯಿಗೆ ಎಸೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ತುಂಬಾ ಜನರಿಗಿದೆ. ದಯವಿಟ್ಟು ಬೇಡ. ಉಸಿರಿನ ಜೊತೆ ಪುಡಿ ಶ್ವಾಸನಾಳಕ್ಕೆ ಹೋದರೆ ಕೆಮ್ಮು ನಿಲ್ಲುವುದೇ ಇಲ್ಲ. ವಯಸ್ಸಾದವರಿಗೆ, ಮಕ್ಕಳಿಗೆ ಅದು ಅಪಾಯ.

ಈಗ ನಾನು ಸಂಜೆಯೇ ಅರ್ಧ ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಮುಚ್ಚಿಟ್ಟು, ಮಲಗುವಾಗ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತೇನೆ. ಗಸಿ ಹೊಟ್ಟೆಗೆ ಹೋಗದಿದ್ದರೆ ನನಗೆ ಬೆಳಿಗ್ಗೆ ಹೊಟ್ಟೆ ನುಲಿಯುವುದಿಲ್ಲ. ವೈದ್ಯರನ್ನು ಕೇಳಿದೆ, "ಕೆಲಸ ಸ್ವಲ್ಪ ಮೃದು, ನಿಮಗೆ ಅಷ್ಟೇ ಸಾಕು" ಎಂದರು. ಜೇನುತುಪ್ಪ ಸೇರಿಸುವವರು ನೀರು ಆರಿದ ಮೇಲೆ ಸೇರಿಸಬೇಕು. ಜೇನನ್ನು ಬಿಸಿ ಮಾಡಬಾರದು ಎನ್ನುವುದು ಆಯುರ್ವೇದದ ನಿಯಮ.

ಅಪ್ಪನಿಗೆ ಬಿಪಿ ಇದೆ, ದಿನಾ ಮಾತ್ರೆ ತಗೊಳ್ಳುತ್ತಾರೆ. ನನಗೆ ಒಗ್ಗಿತು ಎಂದು ಅವರಿಗೂ ಹಿಂಗ್ವಾಷ್ಟಕ ಕೊಡಲಿಲ್ಲ, ಅದರಲ್ಲಿ ಉಪ್ಪಿದೆ. ಹೊಟ್ಟೆ ಉರಿಗೆ ಒಳ್ಳೆಯದು ಎನ್ನುವ ಅತಿಮಧುರವೂ ಜಾಸ್ತಿ ದಿನ ತಗೊಂಡರೆ ಬಿಪಿ ಏರಿಸುತ್ತದೆ. ಅವರ ಡಾಕ್ಟರು ಒಪ್ಪಿದ್ದು ಇಸಬ್‌ಗೋಲಿಗೆ. ಇದು ಒಂದು ಬೀಜದ ಮೇಲಿನ ಹೊಟ್ಟು. ನೀರು ಹೀರಿ ಲೋಳೆಯಾಗಿ ಉಬ್ಬುವುದೇ ಅದರ ಗುಣ. ಆದ್ದರಿಂದ ದೊಡ್ಡ ಲೋಟದ ತುಂಬಾ ನೀರು ಬೇಕೇ ಬೇಕು. ಕದಡಿದ ಕೂಡಲೇ ಕುಡಿಯಬೇಕು, ಮೇಲಿಂದ ಮತ್ತೆ ನೀರು ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಬಿಪಿ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇಟ್ಟಿದ್ದೇವೆ. ಲೋಳೆಯ ಜೊತೆ ಮಾತ್ರೆ ಸೇರಿದರೆ ಅದು ರಕ್ತಕ್ಕೆ ಸೇರುವುದು ತಡವಾಗಬಹುದು.

ಕ್ಯಾಪ್ಸೂಲ್ ಯಾಕಾಗಬಾರದು ಎಂದು ತಂಗಿ ಕೇಳುತ್ತಿರುತ್ತಾಳೆ. ತ್ರಿಫಲಾಕ್ಕೆ ಆಗಬಹುದು. ಆದರೆ ಲೆಕ್ಕ ನೋಡಿ. ಒಂದು ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ 500 ಮಿಲಿಗ್ರಾಂ ಆಸುಪಾಸು ಪುಡಿ ಹಿಡಿಯುತ್ತದೆ. ವೈದ್ಯರು 3 ಗ್ರಾಂ ಹೇಳಿದ್ದರೆ 6 ನುಂಗಬೇಕು. ಸತ್ವ ತೆಗೆದು ತುಂಬಿದ ಕ್ಯಾಪ್ಸೂಲಾದರೆ ಈ ಲೆಕ್ಕವೂ ನಡೆಯುವುದಿಲ್ಲ, ಪ್ರಮಾಣ ಕೇಳಿಯೇ ತಗೊಳ್ಳಬೇಕು. ಸಸ್ಯಾಹಾರಿಗಳು ಡಬ್ಬಿಯ ಮೇಲೆ ಓದಿಕೊಳ್ಳಿ, ಜೆಲಟಿನ್ ಕವಚ ಪ್ರಾಣಿಮೂಲದ್ದು. ನುಂಗಿದ ಕೂಡಲೇ ಮಲಗಬಾರದು, ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡಬಹುದು.

ಪುಡಿ ನುಣ್ಣಗಿದ್ದಷ್ಟೂ ತಗೊಳ್ಳುವುದು ಸುಲಭ. ಅಮ್ಮ ಗ್ರಂಥಿಗೆ ಅಂಗಡಿಯಿಂದ ಅಳಲೆ, ತಾರೆ, ನೆಲ್ಲಿಚಟ್ಟು ತರಿಸಿ, ಕುಟ್ಟಿ, ಮಿಕ್ಸಿಗೆ ಹಾಕಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ತರಿತರಿಯಾಗಿ ಉಳಿದಿದ್ದನ್ನು ಮತ್ತೆ ಬೀಸುತ್ತಾರೆ. ಒಟ್ಟಿಗೆ ಜಾಸ್ತಿ ಮಾಡಿಡುವುದಿಲ್ಲ. ಚೂರ್ಣದ ಶಕ್ತಿ ಎರಡು ತಿಂಗಳಾದ ಮೇಲೆ ಕಡಿಮೆಯಾಗುತ್ತದೆ ಎಂದು ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯಲ್ಲೇ ಇದೆ. ಮನೆಯಲ್ಲೇ ಮಾಡುವಾಗ ಇಡೀ ಕಾಯಿ ಕಣ್ಣಿಗೆ ಕಾಣುವುದರಿಂದ ಹುಳು, ಬೂಷ್ಟು ಗೊತ್ತಾಗುತ್ತದೆ. ಅಂಗಡಿಯ ಪುಡಿ ಕೊಳ್ಳುವಾಗ ತಯಾರಿಸಿದ ದಿನಾಂಕ, ಲೈಸೆನ್ಸ್ ನಂಬರ್ ನೋಡಿ ಸಣ್ಣ ಡಬ್ಬಿಯನ್ನೇ ತಗೊಳ್ಳುತ್ತೇವೆ. ಗಾಜಿನ ಬಾಟಲಿ, ಒಣ ಚಮಚ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ.

ಊರಿಗೆ ಹೊರಟಾಗ ಸೋಸುವ ಕೆಲಸ ಆಗುವುದಿಲ್ಲ, ತ್ರಿಫಲಾ ಮಾತ್ರೆ ಇಟ್ಟುಕೊಳ್ಳುತ್ತೇನೆ. ಹಿಂಗ್ವಾಷ್ಟಕದ ಪುಟ್ಟ ಡಬ್ಬಿ ಮಾತ್ರ ಹಾಗೇ ಬ್ಯಾಗಿನಲ್ಲಿರುತ್ತದೆ. ಹೋಟೆಲಿನಲ್ಲಿ ಊಟಕ್ಕೆ ಕೂತಾಗ "ಅನ್ನಕ್ಕೆ ಸ್ವಲ್ಪ ತುಪ್ಪ ಹಾಕಿ ಅಣ್ಣ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.